ಶೀತಕ್ಕೆ ಮುಯ್ಯಾಳು

ನಮ್ಮ ದೊಡ್ಡಮ್ಮನನ್ನು ಕಂಡರೆ ಶೀತಕ್ಕೇ ಭಯ. ಸುಮ್ಮನೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಬೇಕಾದರೆ ಲಕ್ಕೂರಿನ ಕಡೆ ಯಾರನ್ನಾದರೂ ಕೇಳಿ ನೋಡಿ. ಬೀದಿಯಲ್ಲಿ ಯಾರೋ ಒಬ್ಬರು ಸೀನಲು ಮೂಗು ಅಗಲಿಸಿರುತ್ತಾರೆ. ಅಷ್ಟರಲ್ಲಿ ದೊಡ್ಡಮ್ಮ ಹಾಲಿನ ಡೈರಿಯ ಮೂಲೆ ತಿರುಗಿ ಬರುವುದು ಕಾಣುತ್ತದೆ. ಬಂದ ಸೀನು ಬಂದ ದಾರಿಯಲ್ಲೇ ವಾಪಸ್ ಹೋಗಿಬಿಡುತ್ತದೆ! ಹೊರಗೆ ಬಂದರೆ ತನ್ನ ಗತಿ ಏನು ಅಂತ ಸೀನಿಗೂ ಗೊತ್ತು. ಆಮೇಲೆ ಆ ಮನುಷ್ಯ ಮೂಗು ಒರೆಸಿಕೊಂಡು, "ಏನಿಲ್ಲ ಅಕ್ಕ, ಧೂಳು" ಅಂತ ಅಂದು ಬೇಗ ಬೇಗ ಹೆಜ್ಜೆ ಹಾಕುತ್ತಾನೆ.

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ತವರು ನಂಗಲಿ, ಆಂಧ್ರದ ಗಡಿ. ಕೊಟ್ಟಿದ್ದು ಲಕ್ಕೂರಿನ ಹತ್ತಿರದ ಊರಿಗೆ. ಓದಿದ್ದು ಏಳನೆಯ ಕ್ಲಾಸು, ಆದರೆ ನಡೆ ನುಡಿಯೆಲ್ಲ ಜಿಲ್ಲಾ ಸರ್ಜನ್ನರದು. ಆಕೆಯ ಆಸ್ಪತ್ರೆ ಇದ್ದದ್ದು ಅಡುಗೆಮನೆಯ ಅಟ್ಟದ ಮೇಲೆ, ಒಂದು ತಗಡಿನ ಬಿಸ್ಕತ್ತು ಡಬ್ಬದಲ್ಲಿ. ಮುಚ್ಚಳದ ಮೇಲೆ ಎರಡು ಗಿಳಿಗಳ ಚಿತ್ರ, ಒಂದು ಗಿಳಿಯ ತಲೆ ಸವೆದು ಹೋಗಿತ್ತು. ಒಳಗೆ ಮಾತ್ರೆಗಳು. ಎಷ್ಟು ಮಾತ್ರೆಗಳು ಅಂತೀರಿ? ಡಬ್ಬ ಅಲ್ಲಾಡಿಸಿದರೆ ಕಡಲೆಪುರಿ ಮಾರುವವನು ಬಂದ ಅಂತ ಮಕ್ಕಳು ಹೊರಗೆ ಓಡಿಬರುತ್ತಿದ್ದವು.

ಇಷ್ಟೊಂದು ಮಾತ್ರೆ ಎಲ್ಲಿಂದ ಬಂದವು ಎಂಬುದನ್ನು ಹೇಳಲೇಬೇಕು. ಸುತ್ತ ಯಾವ ಊರಿನಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ದೊಡ್ಡಮ್ಮ ನೋಡಿಕೊಂಡು ಬರಲು ಹೋಗುತ್ತಿದ್ದಳು. ಕೈಯಲ್ಲಿ ಮೂಸಂಬಿ, ಬಾಯಲ್ಲಿ ಧೈರ್ಯದ ಮಾತು. ಹೊರಡುವಾಗ ಆ ಮನೆಯವರು ಕುಂಕುಮ ಕೊಟ್ಟು, ಎಲೆ ಅಡಿಕೆ ಕೊಟ್ಟರೂ ಇವಳು ಸೆರಗು ಒಡ್ಡಿಕೊಂಡೇ ನಿಂತಿರುತ್ತಿದ್ದಳು. "ವಾಸಿ ಆದ್ಮೇಲೆ ಉಳಿದಿರೋ ಮಾತ್ರೆ ಇದ್ರೆ ಅದನ್ನೂ ಹಾಕ್ಬಿಡಮ್ಮ. ಎಸೆದ್ರೆ ಪಾಪ ಸುತ್ಕೊಳ್ಳತ್ತೆ" ಅಂತ ಕೇಳುತ್ತಿದ್ದಳು. ಅವರು ಕೊಡುತ್ತಿದ್ದರು. ನಮ್ಮ ಕಡೆ ಹೆಣ್ಣುಮಕ್ಕಳು ಸೆರಗು ಒಡ್ಡಿದರೆ ಇಲ್ಲ ಅನ್ನುವುದಿಲ್ಲ.

ಇನ್ನು ಆ ಮಾತ್ರೆಗಳಿಗೆ ಹೆಸರು? ಹೆಸರೇ ಇರಲಿಲ್ಲ. ನಮ್ಮಲ್ಲಿ ಮೆಡಿಕಲ್ ಶಾಪಿಗೆ ಹೋಗಿ ಇಡೀ ಪಟ್ಟಿ ಮಾತ್ರೆ ಕೊಳ್ಳುವವರು ಕಡಿಮೆ. "ಶೀತಕ್ಕೆ ಒಂದು ಸೆಟ್ ಕೊಡಿ" ಅಂದರೆ ಸಾಕು, ಅಂಗಡಿಯವನು ಆ ಪಟ್ಟಿಯಿಂದ ಎರಡು, ಈ ಪಟ್ಟಿಯಿಂದ ಎರಡು ಕತ್ತರಿಸಿ, ಕಾಗದದಲ್ಲಿ ಮಡಿಸಿ ಕೊಡುತ್ತಾನೆ. ಹೆಸರು ಒಂದು ಮನೆಗೆ, ತಾರೀಖು ಇನ್ನೊಂದು ಮನೆಗೆ ಹೋಗುತ್ತವೆ. ಹೀಗಾಗಿ ದೊಡ್ಡಮ್ಮ ತಾನೇ ನಾಮಕರಣ ಮಾಡಿಕೊಂಡಿದ್ದಳು. ಟೇಕಲ್ ಬೀಗರ ಮನೆಯಿಂದ ಬಂದದ್ದು ಬೀಗರ ಮಾತ್ರೆ. ರಿಟೈರಾದ ಮೇಷ್ಟರ ಮನೆಯಿಂದ ಬಂದದ್ದು ಮೇಷ್ಟ್ರ ಹಳದಿ. ನಂಗಲಿಯಲ್ಲಿ ಆಕೆಯ ಅಣ್ಣನ ಟೀ ಅಂಗಡಿಯಲ್ಲಿ ಯಾವನೋ ಲಾರಿ ಡ್ರೈವರ್ ಮರೆತು ಹೋದದ್ದು ಲಾರಿ ಮಾತ್ರೆ. "ಲಾರಿ ಮಾತ್ರೆ ಗಟ್ಟಿ ಕಣೇ, ವಿಜಯವಾಡದವರೆಗೂ ಕೆಲ್ಸ ಮಾಡತ್ತೆ" ಎನ್ನುತ್ತಿದ್ದಳು. ಮಾತ್ರೆಗಳಿಗೂ ಕುಲ ಗೋತ್ರ ಇದ್ದ ಮನೆ ಅದೊಂದೇ ಇರಬೇಕು.

ಆಕೆಯ ನೆನಪಿನ ಶಕ್ತಿಗೆ ಮಾತ್ರ ಇವತ್ತಿಗೂ ಕೈ ಮುಗಿಯುತ್ತೇನೆ. ಡಬ್ಬದೊಳಗೆ ಕೈ ಹಾಕಿ, ಮುಖ ಬಾಗಿಲ ಕಡೆ ಇಟ್ಟುಕೊಂಡು, ಬೀದಿಯಲ್ಲಿ ಹೋಗುವವರ ಜೊತೆ ಮಾತಾಡುತ್ತಲೇ ಬೇಕಾದ ಮಾತ್ರೆಯನ್ನು ಬೆರಳಿನಲ್ಲೇ ಗುರುತಿಸಿ ತೆಗೆಯುತ್ತಿದ್ದಳು. ಯಾವ ಮಾತ್ರೆ ಯಾರ ಮನೆಯದು, ಅವರಿಗೆ ಯಾವ ಹಬ್ಬದ ಹಿಂದೆ ಮುಂದೆ ಜ್ವರ ಬಂದಿತ್ತು, ಎಲ್ಲ ಬಾಯಿಪಾಠ. ಅದರೊಳಗೆ ಏನಿದೆ ಎಂಬುದೊಂದು ಬಿಟ್ಟು ಆ ಮಾತ್ರೆಯ ಬಗ್ಗೆ ಆಕೆಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ.

ಇಷ್ಟಿದ್ದ ಮೇಲೆ ಒಂದು ಸಿದ್ಧಾಂತ ಬೇಡವೆ? ಅದೂ ಇತ್ತು. ಮುಯ್ಯಾಳು ಅಂದರೆ ನಿಮಗೆ ಗೊತ್ತಿರಬಹುದು. ಇವತ್ತು ನಮ್ಮ ಹೊಲದ ರಾಗಿ ಕುಯ್ಯಲು ನಿಮ್ಮ ಮನೆಯವರು ಬರುತ್ತಾರೆ, ನಾಳೆ ನಿಮ್ಮ ಹೊಲಕ್ಕೆ ನಾವು ಹೋಗಿ ಆ ಮುಯ್ಯಿ ತೀರಿಸುತ್ತೇವೆ. ಕೂಲಿ ಗೀಲಿ ಇಲ್ಲ, ಮಧ್ಯಾಹ್ನ ಮುದ್ದೆ ಸಾರು ಅಷ್ಟೆ. ದೊಡ್ಡಮ್ಮ ಶೀತವನ್ನೂ ರಾಗಿ ಹೊಲ ಅಂತಲೇ ನೋಡಿದಳು. "ಒಬ್ಬ ಆಳು ಒಂದು ಹೊಲ ಕುಯ್ಯೋದು ಯಾವಾಗ ಹೇಳೇ? ಹತ್ತು ಮನೆಯಿಂದ ಹತ್ತಾಳು ಇಳಿದ್ರೆ ಸಂಜೆಗೆ ಬಯಲು. ಮಾತ್ರೆನೂ ಹಂಗೇನೇ. ಒಂದೊಂದು ಮನೇದು ಒಂದೊಂದು ಹಾಕ್ಬೇಕು" ಎಂದು ನನಗೆ ವಿವರಿಸಿದ್ದಳು. ಮೂಗಿಗೊಂದು, ಗಂಟಲಿಗೊಂದು, ಮೈಕೈ ನೋವಿಗೊಂದು, ಮೇಲೆ ಒಂದು ಮುಚ್ಚಳ ಕೆಮ್ಮಿನ ಸಿರಪ್ಪು, ಅದರ ಮೇಲೆ ಬಿಸಿನೀರಿನಲ್ಲಿ ಕದಡಿ ಕುಡಿಯುವ ಪುಡಿ. ಅಂಗೈ ತುಂಬ ಹಾಕಿ, "ಮಿಂಗು" ಎನ್ನುತ್ತಿದ್ದಳು. ತೆಲುಗಿನಲ್ಲಿ ನುಂಗು ಅಂತ ಅರ್ಥ. ಕನ್ನಡದಲ್ಲಿ ನುಂಗು ಅಂದಿದ್ದರೆ ಇದೇನು, ಯಾಕೆ ಅಂತ ಕೇಳಬಹುದಿತ್ತು. ನಂಗಲಿಯ ತೆಲುಗಿನಲ್ಲಿ ಮಿಂಗು ಅಂದ ಮೇಲೆ ಗಂಟಲು ತಾನಾಗಿಯೇ ತೆರೆದುಕೊಳ್ಳುತ್ತಿತ್ತು.

ನಾನೇ ಅದರ ಫಲಾನುಭವಿ. ನನ್ನನ್ನು ನೋಡಲು ಶ್ರೀನಿವಾಸಪುರದಿಂದ ಗಂಡಿನ ಕಡೆಯವರು ಬರುವ ದಿನ ಬೆಳಿಗ್ಗೆ ಎದ್ದರೆ ಮೂಗು ನಲ್ಲಿಯಾಗಿತ್ತು. ಹೆಣ್ಣು ನೋಡಲು ಬಂದವರ ಎದುರಿಗೆ ಹೆಣ್ಣೇ ಸೀನಿದರೆ ಹೇಗೆ? ಅಮ್ಮ ಅಳುವುದೊಂದು ಬಾಕಿ. ದೊಡ್ಡಮ್ಮ ಡಬ್ಬದ ಸಮೇತ ಬಂದಿಳಿದಳು. ಬೀಗರ ಮಾತ್ರೆ, ಮೇಷ್ಟ್ರ ಹಳದಿ, ಮೇಲೆ ಸಿರಪ್ಪು. ಅರ್ಧ ಗಂಟೆಯಲ್ಲಿ ಮೂಗು ಒಣಗಿತು. ಅದರ ಜೊತೆಗೆ ನಾನೂ ಒಣಗಿದೆ. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದದ್ದು ನೆನಪಿದೆ. ಚಾಪೆಯ ಮೇಲೆ ಕೂತದ್ದು ನೆನಪಿದೆ. ಆಮೇಲೆ ಅವರು ಏನು ಕೇಳಿದರೋ, ನಾನು ಎಷ್ಟು ಸಲ ಕಣ್ಣು ಮುಚ್ಚಿ ತಲೆ ತಗ್ಗಿಸಿದೆನೋ, ದೇವರಿಗೇ ಗೊತ್ತು.

ಹುಡುಗನ ತಾಯಿ ಹೊರಡುವಾಗ ಅಮ್ಮನ ಕೈ ಹಿಡಿದುಕೊಂಡು, "ಎಷ್ಟು ಸೌಮ್ಯವಾದ ಹುಡುಗಿ! ಈ ಕಾಲದಲ್ಲಿ ತಲೆ ಎತ್ತದೇ ಇರೋ ಹೆಣ್ಣು ಎಲ್ಲಿ ಸಿಗುತ್ತೆ ಹೇಳಿ" ಎಂದರಂತೆ. ಮದುವೆಯಾಯಿತು. ಮಾವಿನ ತೋಪಿನ ಮನೆಗೆ ಸೊಸೆಯಾಗಿ ಹೋದೆ. ನಾನು ಬಾಯಿ ಬಿಟ್ಟ ಮೊದಲ ವಾರದಿಂದ ಹಿಡಿದು ಇವತ್ತಿನವರೆಗೂ ನನ್ನ ಗಂಡ ಆಗಾಗ ಕೇಳುತ್ತಾರೆ, "ಅವತ್ತು ಚಾಪೆ ಮೇಲೆ ಕೂತಿದ್ಲಲ್ಲ, ಆ ಹುಡುಗಿ ಏನಾದ್ಲು?" ಅಂತ. ದೊಡ್ಡಮ್ಮನ ಹತ್ತಿರ ಈ ಮಾತು ಹೇಳಿದರೆ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಸೀನು ಬಂತಾ?"

ಸೀನು ಬಂದಿರಲಿಲ್ಲ. ಅಲ್ಲಿಗೆ ವಾದ ಮುಗಿಯಿತು.

ಮುಳಬಾಗಿಲಿನಲ್ಲಿ ನಡೆದ ನಮ್ಮ ಚಿಕ್ಕಮ್ಮನ ಮಗಳ ಮದುವೆಯ ಕತೆ ಇದಕ್ಕಿಂತ ದೊಡ್ಡದು. ಓಲಗದ ಹಿರಿಯ ವಾದ್ಯಗಾರರಿಗೆ ಬೆಳಗಿನ ಚಳಿಗೆ ಮೂಗು ಸೋರಲು ಶುರುವಾಗಿತ್ತು. ಪಾಪ, ಮೇಲಂಗಿಯ ತೋಳಿನಲ್ಲಿ ಒಂದು ಸಲ ಒರೆಸಿಕೊಂಡರು ಅಷ್ಟೆ. ಅದು ದೊಡ್ಡಮ್ಮನ ಕಣ್ಣಿಗೆ ಬಿತ್ತು. ಛತ್ರದ ಮೂಲೆಗೆ ಕರೆದುಕೊಂಡು ಹೋಗಿ ಅಂಗೈ ತುಂಬಿಸಿದಳು. ಅವರೂ ನಂಗಲಿಯ ಕಡೆಯವರೇ, ಮಿಂಗು ಅಂದಿದ್ದು ಚೆನ್ನಾಗಿಯೇ ಅರ್ಥವಾಯಿತು. ಶೀತದ ಮಾತ್ರೆ ಮೂಗನ್ನು ಮಾತ್ರ ಒಣಗಿಸಿ ಸುಮ್ಮನಿರುವುದಿಲ್ಲ, ಬಾಯನ್ನೂ ನಾಲಿಗೆಯನ್ನೂ ಒಣಗಿಸುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು?

ಮುಹೂರ್ತ ಬಂತು. ಪುರೋಹಿತರು ಕೈ ಎತ್ತಿ, "ಗಟ್ಟಿಮೇಳ, ಗಟ್ಟಿಮೇಳ" ಅಂದರು. ಡೋಲಿನವನು ಬಿರುಸಿನಿಂದ ಬಾರಿಸಿದ. ವಾದ್ಯಗಾರರು ಕೆನ್ನೆ ಊದಿಸಿದರು. ಬಂದದ್ದು ಬರೀ ಗಾಳಿ. ನಾದಸ್ವರದ ತುದಿಯ ಪೀಪಿಯನ್ನು ನಾಲಿಗೆಯಿಂದ ಒದ್ದೆ ಮಾಡಬೇಕು, ನಾಲಿಗೆಯಲ್ಲಿ ಒಂದು ಹನಿಯೂ ಇಲ್ಲ. ಇನ್ನೊಮ್ಮೆ ಊದಿದರು, ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಸದ್ದು. ಕೊನೆಗೆ ಹೆಂಗಸರೆಲ್ಲ ಸೇರಿ ಚಪ್ಪಾಳೆ ತಟ್ಟಿ, ತಟ್ಟೆ ಬಡಿದು, ಡೋಲಿನ ಸದ್ದಿನಲ್ಲೇ ತಾಳಿ ಕಟ್ಟಿಸಿದೆವು. ಆ ಜೋಡಿ ಚೆನ್ನಾಗಿದೆ, ಎರಡು ಮಕ್ಕಳಿವೆ. ದೊಡ್ಡಮ್ಮ ಅವತ್ತು ಊಟದ ಪಂಕ್ತಿಯಲ್ಲಿ ವಾದ್ಯಗಾರರ ಎಲೆಯ ಮುಂದೆ ನಿಂತು, "ಮೂಗು ಹೆಂಗೈತಣ್ಣಾ?" ಅಂತ ವಿಚಾರಿಸಿದಳು. ಅವರು ಎರಡು ಚೊಂಬು ನೀರು ಕುಡಿದು, "ಮೂಗು ಚೆನ್ನಾಗೈತಮ್ಮ" ಅಂತ ಒಪ್ಪಿಕೊಂಡರು.

ಆದರೆ ದೊಡ್ಡಮ್ಮನ ಖಾಯಂ ರೋಗಿ ಯಾರು ಗೊತ್ತೆ? ನಮ್ಮ ದೊಡ್ಡಪ್ಪ. ಟೊಮೆಟೊ, ರಾಗಿ, ಒಂದಿಷ್ಟು ಹಿಪ್ಪುನೇರಳೆ ಬೆಳೆಯುವ ಮನುಷ್ಯ. ಮಾತು ಕಡಿಮೆ. ಬೆಳಗಿನ ಮಂಜಿನಲ್ಲಿ ತೋಟಕ್ಕೆ ನೀರು ಬಿಡಲು ಹೋಗಿ ಹೋಗಿ ಶೀತ ಅವರ ಮೈಯಲ್ಲೇ ಮನೆ ಮಾಡಿತ್ತು. ಅವರಿಗೆ ಬಿ.ಪಿ. ಬೇರೆ ಇತ್ತು, ದಿನವೂ ಅದಕ್ಕೊಂದು ಮಾತ್ರೆ. ಅದರ ಮೇಲೆ ದೊಡ್ಡಮ್ಮನ ಮುಯ್ಯಾಳುಗಳು. ಇಷ್ಟು ವರ್ಷದ ಸಂಸಾರದಲ್ಲಿ ದೊಡ್ಡಪ್ಪ ಒಂದು ದಿನವೂ, "ಇದೇನೇ ಕೊಡ್ತಿದೀಯ?" ಅಂತ ಕೇಳಿದವರಲ್ಲ. ಅಂಗೈ ಚಾಚುತ್ತಿದ್ದರು, ಬಾಯಿಗೆ ಹಾಕಿಕೊಳ್ಳುತ್ತಿದ್ದರು, ನೀರು ಕುಡಿಯುತ್ತಿದ್ದರು. ನನಗೆ ಅವರನ್ನು ನೋಡಿದಾಗಲೆಲ್ಲ ಒಳಗೊಳಗೇ ಅಳುಕು. ಒಂದು ಸಲ ಹೇಳಿಯೂ ನೋಡಿದೆ, "ದೊಡ್ಡಪ್ಪ, ಬಿ.ಪಿ. ಇರೋರು ಡಾಕ್ಟರನ್ನ ಕೇಳ್ದೆ ಏನೂ ತಗೋಬಾರ್ದಂತೆ" ಅಂತ. ಅವರು ನಕ್ಕು, "ಅವಳಿಗೆ ಬೇಜಾರಾಗತ್ತೆ ಬಿಡಮ್ಮ" ಅಂದರು.

ಒಂದು ಸಲ ಹೀಗೆ ಬೆಳಗಿನ ಡೋಸು ನುಂಗಿ ಟೊಮೆಟೊ ಹೇರಿಕೊಂಡು ಕೋಲಾರದ ಮಂಡಿಗೆ ಹೋದರು. ಟೆಂಪೊ ಓಡಿಸುವುದು ಅವರ ಮಗ, ನಮ್ಮಣ್ಣ. ಪುಣ್ಯಕ್ಕೆ ದೊಡ್ಡಪ್ಪ ಓಡಿಸುತ್ತಿರಲಿಲ್ಲ, ಓಡಿಸಿದ್ದರೆ ಈ ಪ್ರಬಂಧ ಬೇರೆ ಥರ ಇರುತ್ತಿತ್ತು. ಮಂಡಿಯಲ್ಲಿ ಹರಾಜು ಶುರುವಾಯಿತು. ದೊಡ್ಡಪ್ಪ ತಮ್ಮ ಕ್ರೇಟುಗಳ ಪಕ್ಕ ನಿಂತೇ ತೂಕಡಿಸುತ್ತಿದ್ದರು. ಹರಾಜು ಕೂಗುವವನು ಮೊದಲನೆಯ ರೇಟು ಹೇಳಿ ಇವರ ಮುಖ ನೋಡಿದ. ಇವರ ತಲೆ ಮುಂದಕ್ಕೆ ವಾಲಿತು. ರೈತ ಒಪ್ಪಿದ! ಮುಂದಿನ ಕ್ರೇಟುಗಳಿಗೆ ಇನ್ನೂ ಕಡಿಮೆ ಹೇಳಿ ನೋಡಿದ. ತಲೆ ಇನ್ನೂ ಕೆಳಗೆ ವಾಲಿತು. ಇಷ್ಟು ವಿನಯದ ರೈತನನ್ನು ಆ ಮಂಡಿ ಹಿಂದೆಂದೂ ಕಂಡಿರಲಿಲ್ಲ. ಅಣ್ಣ ಟೀ ಕುಡಿದು ಬರುವಷ್ಟರಲ್ಲಿ ಟೊಮೆಟೊ ಎಲ್ಲ ಬೇರೆಯವರ ಪಾಲಾಗಿತ್ತು. ದೊಡ್ಡಪ್ಪ ಖಾಲಿ ಕ್ರೇಟಿನ ಮೇಲೆ ಕೂತು ಗೊರಕೆ ಹೊಡೆಯುತ್ತಿದ್ದರು.

ಮನೆಗೆ ಬಂದು ಅಣ್ಣ ಕೂಗಾಡಿದ. ದೊಡ್ಡಮ್ಮ ಶಾಂತವಾಗಿ ಎಲ್ಲ ಕೇಳಿಸಿಕೊಂಡು, "ಟೊಮೆಟೊ ನಾಳೆನೂ ಬೆಳೆಯತ್ತೆ ಕಣೋ. ಸೀನು ನಿಂತಿತಾ ಇಲ್ವಾ ಹೇಳು" ಅಂದಳು.

ಈಗ ಹೋದ ಮಾಗಿಯ ಕತೆಗೆ ಬರುತ್ತೇನೆ. ಇದನ್ನು ನಗುತ್ತಾ ಹೇಳಲು ನನಗೆ ಆಗುವುದಿಲ್ಲ. ಪ್ರಯತ್ನ ಮಾಡುತ್ತೇನೆ.

ದೊಡ್ಡಪ್ಪನಿಗೆ ಶೀತ, ಜ್ವರ, ಮೈಕೈ ನೋವು ಒಟ್ಟಿಗೆ ಹಿಡಿದಿತ್ತು. ವಾರದ ಕೊನೆಗೆ ಹತ್ತಿರದ ನೆಂಟರ ಗೃಹಪ್ರವೇಶ. ಅಷ್ಟರೊಳಗೆ ಗಂಡನನ್ನು ಎಬ್ಬಿಸಿ ನಿಲ್ಲಿಸಬೇಕು ಅಂತ ದೊಡ್ಡಮ್ಮ ಹಟ ತೊಟ್ಟಳು. ಹಿಂದೆಂದೂ ಇಳಿಸದಷ್ಟು ಆಳುಗಳನ್ನು ಹೊಲಕ್ಕೆ ಇಳಿಸಿದಳು. ನಾನು ರಜೆಯ ದಿನ ಬೆಳಿಗ್ಗೆ ಹೋದಾಗ ದೊಡ್ಡಪ್ಪ ಜಗುಲಿಯ ಮೇಲೆ ಬಿಸಿಲಿಗೆ ಕೂತಿದ್ದರು. ಸ್ವೆಟರಿನೊಳಗೆ ಬೆವರುತ್ತಿದ್ದರು. ನನ್ನನ್ನು ನೋಡಿ ಏಳಲು ಹೋದವರು ಕಂಬ ಹಿಡಿದು ಮತ್ತೆ ಕೂತರು.

"ಎದೆ ಡವ ಡವ ಅಂತೈತೆ ಕಣಮ್ಮ. ತಲೆ ಗಿರ್ ಅಂತೈತೆ" ಅಂದರು. ಮಾತು ತೊದಲುತ್ತಿತ್ತು. ಅಷ್ಟರಲ್ಲಿ ದೊಡ್ಡಮ್ಮ ಮುಂದಿನ ಸರದಿಯ ಮಾತ್ರೆಗಳನ್ನು ಅಂಗೈಯಲ್ಲಿಟ್ಟುಕೊಂಡು ಹೊರಗೆ ಬಂದಳು. ದೊಡ್ಡಪ್ಪ ಅಂಗೈ ಚಾಚಿಯೇಬಿಟ್ಟರು, ಆ ಸ್ಥಿತಿಯಲ್ಲೂ! ನಾನು ಮಧ್ಯೆ ಹೋಗಿ ಅವರ ಕೈ ಹಿಡಿದುಕೊಂಡೆ. "ಆಸ್ಪತ್ರೆಗೆ ಹೋಗೋಣ ದೊಡ್ಡಮ್ಮ. ಈಗಲೇ" ಅಂದೆ. ಆಕೆ ಜಗಳ ಮಾಡುತ್ತಾಳೆ ಅಂದುಕೊಂಡಿದ್ದೆ. ಆಕೆ ಗಂಡನ ಮುಖ ನೋಡಿದಳು, ಒಳಗೆ ಹೋಗಿ ಡಬ್ಬ, ಸಿರಪ್ಪಿನ ಬಾಟಲಿ, ಪುಡಿಯ ಪೊಟ್ಟಣ ಎಲ್ಲ ಕಂಕುಳಿಗೆ ಇರುಕಿಕೊಂಡು ಬಂದು ಅಣ್ಣನ ಟೆಂಪೊ ಹತ್ತಿದಳು. "ನಾನು ಏನೇನು ಕೊಟ್ಟಿದೀನಿ ಅಂತ ಡಾಕ್ಟ್ರಿಗೂ ಗೊತ್ತಾಗ್ಲಿ" ಅಂದಳು. ಅದು ಆಕೆಯ ಹೆಮ್ಮೆಯ ಮಾತು. ಆದರೆ ಅವತ್ತು ಆ ಡಬ್ಬ ಜೊತೆಗೆ ಬಂದದ್ದೇ ದೊಡ್ಡ ಉಪಕಾರವಾಯಿತು.

ಮಾಲೂರಿನ ಆಸ್ಪತ್ರೆಯಲ್ಲಿ ಇದ್ದ ಲೇಡಿ ಡಾಕ್ಟರು ದೊಡ್ಡಪ್ಪನ ಬಿ.ಪಿ. ನೋಡಿದರು, ಇನ್ನೊಮ್ಮೆ ನೋಡಿದರು, ನರ್ಸಿಗೆ ಏನೋ ಹೇಳಿ ಮಲಗಿಸಿದರು. ಆಮೇಲೆ, "ಏನೇನು ತಗೊಂಡಿದ್ದಾರೆ?" ಎಂದು ಕೇಳಿದರು. ದೊಡ್ಡಮ್ಮ ಡಬ್ಬ ತೆರೆದು ಮದುವೆ ಮನೆಯಲ್ಲಿ ನೆಂಟರನ್ನು ಪರಿಚಯಿಸುವ ಹಾಗೆ ಒಬ್ಬೊಬ್ಬರನ್ನೇ ಪರಿಚಯಿಸಿದಳು.

"ಇದು ಬೀಗರದು. ಇದು ಲಾರಿದು. ಇದು ಮೇಷ್ಟ್ರ ಹಳದಿ."

"ಮೇಷ್ಟ್ರಿಗೆ ಏನಾಗಿತ್ತಮ್ಮ?"

"ಅದು ಗೊತ್ತಿಲ್ಲ. ಈಗ ಚೆನ್ನಾಗವ್ರೆ."

ಡಾಕ್ಟರು ನಗಲಿಲ್ಲ. ಹೆಸರು ಉಳಿದಿದ್ದ ತುಂಡುಗಳನ್ನು ಆರಿಸಿ ಮೇಜಿನ ಮೇಲಿಟ್ಟರು. "ಅಮ್ಮಾ, ಇಲ್ಲಿ ನೋಡಿ. ಈ ಜ್ವರದ ಮಾತ್ರೇಲಿ ಪ್ಯಾರಸಿಟಮಾಲ್ ಇದೆ. ಈ ಶೀತದ ಮಾತ್ರೇಲೂ ಅದೇ ಇದೆ, ಜೊತೆಗೆ ಮೂಗು ಬಿಡಿಸೋದು, ನಿದ್ದೆ ಬರಿಸೋದು ಸೇರಿದೆ. ಈ ಪುಡೀಲೂ ಅದೇ. ಸಿರಪ್ಪಲ್ಲೂ ಅದೇ. ಹೆಸರು ಬೇರೆ ಬೇರೆ, ಬಣ್ಣ ಬೇರೆ ಬೇರೆ, ಒಳಗಿರೋದು ಒಂದೇ. ಎಲ್ಲಾನೂ ಒಟ್ಟಿಗೆ ಕೊಟ್ರೆ ಅದು ಅಳತೆ ಮೀರತ್ತೆ. ಮೂಗು ಬಿಡಿಸೋ ಔಷಧಿ ಬಿ.ಪಿ. ಇರೋರಿಗೆ ಒಳ್ಳೇದಲ್ಲ, ಅದಕ್ಕೇ ಎದೆ ಹೊಡ್ಕೊಳ್ತಾ ಇರೋದು. ಇನ್ನು ಈ ಬಿಡಿ ಮಾತ್ರೆಗಳು ಏನು ಅಂತ ನನಗೂ ಗೊತ್ತಾಗಲ್ಲ."

ದೊಡ್ಡಮ್ಮ ಮೇಜಿನ ಮೇಲಿನ ತುಂಡುಗಳನ್ನೇ ನೋಡುತ್ತಾ ನಿಂತಳು. ನಿಧಾನವಾಗಿ ಹೇಳಿದಳು, "ಅಂದ್ರೆ ಒಬ್ಬನೇ ಆಳು, ನಾಲ್ಕು ಮನೆಯ ರುಮಾಲು ಸುತ್ಕೊಂಡು ನಾಲ್ಕು ಸಲ ಬಂದು ಊಟಕ್ಕೆ ಕೂತವ್ನೆ ಅನ್ನಿ."

"ಹೌದಮ್ಮ. ಸರಿಯಾಗಿ ಹೇಳಿದ್ರಿ" ಅಂದರು ಡಾಕ್ಟರು. ಆಮೇಲೆ ದನಿ ತಗ್ಗಿಸಿ, "ಬಿ.ಪಿ. ಇಳಿಸ್ತೀವಿ. ಆದ್ರೆ ಅಳತೆ ಮೀರಿದ ಪ್ಯಾರಸಿಟಮಾಲ್ ಲಿವರಿಗೆ ಏಟು ಕೊಡತ್ತೆ. ಮೊದಮೊದಲು ಮನುಷ್ಯ ಚೆನ್ನಾಗೇ ಕಾಣ್ತಾರೆ, ಆಮೇಲೆ ಗೊತ್ತಾಗೋದು. ಇವತ್ತು ರಕ್ತ ತೆಗೀತೀವಿ, ನಾಳೆ ಮತ್ತೆ ತೆಗೀತೀವಿ. ಅಲ್ಲಿವರೆಗೂ ಇಲ್ಲೇ ಇರ್ಲಿ" ಎಂದರು.

ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ದೊಡ್ಡಮ್ಮ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಆ ಸವೆದ ಗಿಳಿಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು. ಯಾರೋ ಪಕ್ಕದಲ್ಲಿ ಸೀನಿದರು. ಆಕೆ ತಿರುಗಿಯೂ ನೋಡಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

"ಒಂದ್ಸಲನಾದ್ರೂ ಇದೇನು ಅಂತ ಕೇಳ್ಬಾರ್ದಿತ್ತೇನೇ ಅವ್ರು?" ಅಂದಳು. "ಕೇಳಿದ್ರೆ ನಾನೂ ನೋಡ್ತಿದ್ದೆ. ಯಾರನ್ನಾದ್ರೂ ಕೇಳ್ತಿದ್ದೆ. ನಾನು ಕೊಟ್ಟೆ ಅಂತ ನುಂಗಿದ್ರು. ನಾನು ಏನು ಕೊಟ್ರೂ ನುಂಗೋರು." ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಆಕೆಯ ಕೈ ಹಿಡಿದುಕೊಂಡೆ.

ಮಾರನೆಯ ದಿನದ ರಕ್ತ ಪರೀಕ್ಷೆಯಲ್ಲಿ ಲಿವರಿಗೆ ಏನೂ ಆಗಿಲ್ಲ ಅಂತ ಬಂತು. ಬಿ.ಪಿ. ಇಳಿದಿತ್ತು. ದೊಡ್ಡಪ್ಪ ಮಂಚದ ಮೇಲೆ ಎದ್ದು ಕೂತು, ಹೆಂಡತಿಯ ಮುಖ ನೋಡಿ, "ಸೀನು ಮಾತ್ರ ನಿಂತೈತೆ ಕಣೇ" ಅಂದರು. ಆಕೆ ಡಬ್ಬದಲ್ಲಿದ್ದದ್ದನ್ನೆಲ್ಲ ಆಸ್ಪತ್ರೆಯವರ ಮುಂದೆ ಸುರಿದು, ಚರಂಡಿಗೆ ಹಾಕಬೇಡಿ, ನೀವೇ ಏನಾದರೂ ಮಾಡಿ ಅಂತ ಒಪ್ಪಿಸಿ, ಖಾಲಿ ಡಬ್ಬವನ್ನು ಮಾತ್ರ ವಾಪಸ್ ತಂದಳು. ತಗಡು ಇನ್ನೂ ಗಟ್ಟಿಯಾಗಿತ್ತಲ್ಲ, ಈಗ ಅದರಲ್ಲಿ ಮೆಂತ್ಯ ಇದೆ.

ಇಲ್ಲಿಗೆ ದೊಡ್ಡಮ್ಮ ತಣ್ಣಗಾದಳು ಅಂದುಕೊಂಡರೆ ನಿಮಗೆ ಆಕೆ ಇನ್ನೂ ಅರ್ಥವಾಗಿಲ್ಲ. ಮೊದಲು ಎಷ್ಟು ಜೋರಿನಿಂದ ಮಾತ್ರೆ ಹಂಚುತ್ತಿದ್ದಳೋ ಈಗ ಅಷ್ಟೇ ಜೋರಿನಿಂದ ಮಾತ್ರೆಗಳ ವಿಚಾರಣೆ ಮಾಡುತ್ತಾಳೆ. ಮೆಡಿಕಲ್ ಶಾಪಿನ ಮುಂದೆ ನಿಂತು, "ಈ ಮಾತ್ರೆ ಒಳಗೆ ಯಾರ್ಯಾರವ್ರೆ, ಒಬ್ಬೊಬ್ಬರನ್ನೂ ಹೆಸರಿಟ್ಟು ಹೇಳು" ಎನ್ನುತ್ತಾಳೆ. ಅಂಗಡಿಯವನು ಓದಿ ಹೇಳಬೇಕು. ಅವನು ಕತ್ತರಿ ಎತ್ತಿದರೆ, "ಹೆಸರಿರೋ ಕಡೆ ಕತ್ತರಿಸ್ಬೇಡ ಕಣಪ್ಪ. ತಲೆ ಇಲ್ದೇ ಇರೋ ಆಳನ್ನ ಯಾರ ಮನೆಯವನು ಅಂತ ಗುರುತು ಹಿಡೀಲಿ?" ಎಂದು ತಡೆಯುತ್ತಾಳೆ. ಆಕೆಯ ಹಿಂದೆ ನಿಂತ ಗಿರಾಕಿಗಳ ಚೀಟಿಯನ್ನೂ ಬಿಡುವುದಿಲ್ಲ. "ನೀನು ಮನೇಲಿ ಜ್ವರದ ಮಾತ್ರೆ ತಗೊಂಡು ಬಂದಿದೀಯಾ? ಮತ್ತೆ ಇದ್ಯಾಕೆ? ಕೇಳು ಅವನನ್ನ. ಬಿ.ಪಿ. ಐತಾ? ಅದನ್ನೂ ಹೇಳು." ಅಂಗಡಿಯವನಿಗೆ ದೊಡ್ಡಮ್ಮ ದೂರದಲ್ಲಿ ಕಂಡರೆ ಕನ್ನಡಕ ಹುಡುಕುವ ಅಭ್ಯಾಸವಾಗಿದೆ.

ಹೋದ ತಿಂಗಳು ಪಕ್ಕದ ಮನೆಯ ಸೊಸೆ ಕೆಮ್ಮುತ್ತಿದ್ದ ಪುಟ್ಟ ಮಗುವಿಗೆ ದೊಡ್ಡವರ ಸಿರಪ್ಪನ್ನೇ ಚಮಚದಲ್ಲಿ ಅರ್ಧ ಹಾಕಿಕೊಂಡು ನಿಂತಿದ್ದಳು. ದೊಡ್ಡಮ್ಮ ಬೇಲಿಯ ಆಚೆಯಿಂದಲೇ ನೋಡಿದಳು. ಆ ವಯಸ್ಸಿನಲ್ಲಿ ಬೇಲಿ ಹೇಗೆ ದಾಟಿದಳೋ, ಚಮಚ ಆಕೆಯ ಕೈಗೆ ಬಂದಿತ್ತು.

"ಅರ್ಧನೇ ಕೊಡ್ತಿರೋದು ದೊಡ್ಡಮ್ಮ" ಅಂದಳು ಆ ಹುಡುಗಿ, ಹೆದರಿ.

"ಎಳೇ ಕರೂಗೆ ಅರ್ಧ ನೊಗ ಕಟ್ತಾರೇನೇ? ಚಿಕ್ಕ ಮಕ್ಳಿಗೆ ಈ ಬೆರಕೆ ಔಷಧಿ ಬ್ಯಾಡ. ನಡಿ, ಡಾಕ್ಟ್ರ ಹತ್ರ ಹೋಗೋಣ" ಎಂದು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ತಾನೇ ಮುಂದೆ ಹೊರಟಳು. ಆ ಹುಡುಗಿ ಚಪ್ಪಲಿ ಹುಡುಕಿಕೊಂಡು ಹಿಂದೆ ಓಡಿದಳು. ಇದನ್ನು ನಾನು ಕಣ್ಣಾರೆ ನೋಡಿದೆ. ತಪ್ಪು ಮಾಡಿದವರು ಕುಗ್ಗಿ ಮೂಲೆ ಸೇರುವುದನ್ನು ಕಂಡಿದ್ದೇನೆ. ತಾನು ಮಾಡಿದ ತಪ್ಪನ್ನು ಊರಿನಲ್ಲಿ ಇನ್ನೊಬ್ಬರು ಮಾಡದ ಹಾಗೆ ಬೇಲಿ ಹಾರುವ ಹೆಂಗಸನ್ನು ಇವಳೊಬ್ಬಳನ್ನೇ ಕಂಡದ್ದು.

ಮೊನ್ನೆ ದೊಡ್ಡಮ್ಮನಿಗೇ ಶೀತವಾಯಿತು.

ಫೋನಿನಲ್ಲಿ ಅಣ್ಣ ಹೇಳಿದಾಗ ನಾನು ನಂಬಲಿಲ್ಲ. ಊರಿನವರೂ ನಂಬಿರಲಿಲ್ಲವಂತೆ, ಶೀತಕ್ಕೆ ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ ಡೈರಿಯ ಹತ್ತಿರ ಮಾತಾಡಿಕೊಂಡರಂತೆ. ನಾನು ಹೋದದ್ದು ಮಧ್ಯಾಹ್ನ. ದೊಡ್ಡಮ್ಮ ನಡುಮನೆಯಲ್ಲಿ ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತಿದ್ದಳು. ಮೂಗು ಕೆಂಪಗಾಗಿತ್ತು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಇಣುಕಿದರೆ ದೊಡ್ಡಪ್ಪ! ನೀರು ಕುಡಿಯುವುದಕ್ಕೆ ಬಿಟ್ಟರೆ ಬೇರೆ ಕೆಲಸಕ್ಕೆ ಆ ಮನುಷ್ಯ ಒಲೆಯ ಹತ್ತಿರ ಹೋದದ್ದನ್ನು ನಾನು ನೋಡಿರಲಿಲ್ಲ. ಮೆಣಸಿನ ಸಾರು ಕುದಿಯುತ್ತಿತ್ತು, ಹಬೆಗೆ ಇನ್ನೊಂದು ಪಾತ್ರೆಯಲ್ಲಿ ನೀರು ಕಾಯುತ್ತಿತ್ತು. ಪಂಚೆಯ ಮೇಲೆಲ್ಲ ಮೆಣಸಿನ ಪುಡಿ ಚೆಲ್ಲಿಕೊಂಡಿದ್ದರು.

ನೀರಿನ ಲೋಟ ಹಿಡಿದು ಅವರು ಬಂದು ದೊಡ್ಡಮ್ಮನ ಪಕ್ಕ ಕೂತರು. ಜೇಬಿನಿಂದ ಮಾತ್ರೆಯ ತುಂಡು ತೆಗೆದು, ಕನ್ನಡಕ ಹಾಕಿಕೊಂಡು, ಹೆಸರಿನ ಕಡೆಯನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿದರು.

"ಮೆಡಿಕಲ್‌ನವನನ್ನ ಕೇಳ್ದೆ, ಒಳಗೆ ಯಾರ್ಯಾರವ್ರೆ ಅಂತ" ಅಂದರು. "ಒಬ್ಬನೇ ಅವ್ನೆ ಅಂದ."

ದೊಡ್ಡಮ್ಮ ಆ ಮಾತ್ರೆಯನ್ನು ನೋಡಿದಳು, ಗಂಡನನ್ನು ನೋಡಿದಳು. "ಒಂದೇನಾ?" ಅಂದಳು.

"ಒಂದೇ."

"ಮೂಗು ಕಟ್ಟೈತೆ. ಗಂಟ್ಲು ನೋವು. ಮೈಯೆಲ್ಲ ಹಿಂಡ್ತೈತೆ. ಇಷ್ಟಕ್ಕೂ ಒಂದಾಳು ಸಾಕಾ?"

"ಮೈನೋವಿಗೆ ಇದು. ಮೂಗಿಗೆ ಹಬೆ ಐತೆ. ಗಂಟ್ಲಿಗೆ ಸಾರು ಮಾಡಿದೀನಿ."

"ಮಿಕ್ಕಿದ್ದಕ್ಕೆ?"

ದೊಡ್ಡಪ್ಪ ಮಾತ್ರೆ ಬಿ‌ಡಿಸಿ ಆಕೆಯ ಅಂಗೈಯಲ್ಲಿಟ್ಟು, ಆ ಅಂಗೈಯನ್ನು ತಮ್ಮ ಎರಡೂ ಕೈಯಿಂದ ಮುಚ್ಚಿದರು. "ಮಿಕ್ಕಿದ್ದಕ್ಕೆ ನಾನಿದೀನಲ್ಲ ಕಣೇ. ಇಷ್ಟು ವರ್ಷದ ಮುಯ್ಯಿ ಐತೆ, ತೀರಿಸೋದು ಬ್ಯಾಡ್ವಾ?" ಅಂದರು. ಆಮೇಲೆ ಆಕೆಯದೇ ಮಾತನ್ನು, ಆಕೆ ಎಂದೂ ಹೇಳದಷ್ಟು ಮೆತ್ತಗೆ ಹೇಳಿದರು, "ಮಿಂಗು."

ದೊಡ್ಡಮ್ಮ ಕಣ್ಣು ಮುಚ್ಚಿ ನುಂಗಿದಳು. ಬಾಗಿಲಲ್ಲಿ ನಿಂತಿದ್ದ ನನ್ನ ಮೂಗೂ ಕಣ್ಣೂ ಒಟ್ಟಿಗೇ ಸೋರಲು ಶುರುವಾದವು. ಇಬ್ಬರೂ ನನ್ನ ಕಡೆ ನೋಡಿದರು. ಅದು ಶೀತವಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆ ಮನೆಯಲ್ಲಿ ಮೊದಲ ಸಲ ಯಾರೂ ನನಗೆ ಮಾತ್ರೆ ಕೊಡಲು ಬರಲಿಲ್ಲ.